ಮೇಸ್ತ್ರಿ ಪರಚಿದ ಜಮಖಾನ

ಊರಿನಲ್ಲಿ ಒಬ್ಬ ಮನುಷ್ಯನಿಗೆ ಮರ್ಯಾದೆ ಎಲ್ಲಿಂದ ಬರುತ್ತದೆ ಎಂದು ಹೇಳುವುದು ಕಷ್ಟ. ಕೆಲವರಿಗೆ ತೋಟದಿಂದ ಬರುತ್ತದೆ, ಕೆಲವರಿಗೆ ಜೀಪಿನಿಂದ, ಇನ್ನು ಕೆಲವರಿಗೆ ತಾಲ್ಲೂಕು ಕಚೇರಿಯಲ್ಲಿರುವ ಭಾವಮೈದುನನಿಂದ. ನನಗೆ ಬಂದದ್ದು ಜಮಖಾನದಿಂದ. ಮೂಡಿಗೆರೆಯ ನಮ್ಮ ಬೀದಿಯಲ್ಲಿ ನಾಗೇಶ ಯಾರು ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಿದ್ದರು. ಜಮಖಾನದ ಮನೆ ಎಲ್ಲಿ ಎಂದರೆ ಚಿಕ್ಕ ಮಕ್ಕಳೂ ಕೈ ತೋರಿಸುತ್ತಿದ್ದವು. ಆ ಮರ್ಯಾದೆಯನ್ನು ಒಂದು ಬೆಕ್ಕು ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿ ಹಾಕಿತು. ನಿಮಗೆ ನಗು ಬಂದರೆ ಧಾರಾಳವಾಗಿ ನಗಿ. ನನಗೆ ಅರ್ಧದವರೆಗೆ ಮಾತ್ರ ನಗು ಬರುತ್ತದೆ.

ಜಮಖಾನ ಅಪ್ಪನ ಕಾಲದ್ದು. ಕೆಂಪು ನೀಲಿ ಪಟ್ಟೆಯದು, ನಮ್ಮ ಹಜಾರಕ್ಕೆ ಹಾಸಿದರೆ ಬಾಗಿಲಾಚೆಗೂ ಚಾಚುವಷ್ಟು ದೊಡ್ಡದು. ಬೀದಿಯವರಿಗೆಲ್ಲ ನಾಮಕರಣಕ್ಕೂ ಅದೇ, ನಿಶ್ಚಿತಾರ್ಥಕ್ಕೂ ಅದೇ, ಸಾವಿಗೂ ಅದೇ. ಶುಭಕಾರ್ಯದವರು ಬಂದು ಕೇಳಿ ಒಯ್ಯುತ್ತಾರೆ. ಸಾವಿನ ಮನೆಯವರು ಮಾತ್ರ ಕೇಳುವಂತಾಗಬಾರದು. ಅವರು ಬಾಯಿ ಬಿಡುವ ಮೊದಲೇ ನಾವೇ ಹೊತ್ತುಕೊಂಡು ಹೋಗಿ ಹಾಸಿ, ನೋಡಲು ಬಂದವರಿಗೆ ಕೂರಲು ಜಾಗ ಮಾಡಬೇಕು. ಅಪ್ಪ ನನಗೆ ಒತ್ತಿ ಹೇಳಿ ಹೋದ ಕಾನೂನು ಇದೊಂದೇ. ಇದರಿಂದಾಗಿ ನನ್ನ ಕಿವಿ ಸದಾ ಅಳುವಿನ ಕಡೆಗೇ ನೆಟ್ಟಿರುತ್ತಿತ್ತು. ಒಂದು ಸಲ ಹಿಂದಿನ ಓಣಿಯಿಂದ ಗೋಳೋ ಎಂಬ ಅಳು ಕೇಳಿಸಿತು. ಅಲ್ಲಿ ನಿಂಗಮ್ಮಜ್ಜಿ ಹಾಸಿಗೆ ಹಿಡಿದದ್ದು ನೆನಪಾಗಿ ಜಮಖಾನ ಹೆಗಲಿಗೇರಿಸಿಕೊಂಡು ಓಡಿದೆ. ಬಾಗಿಲು ತೆರೆದವಳು ನಿಂಗಮ್ಮಜ್ಜಿಯೇ! ಹಸು ಚರಂಡಿಗೆ ಬಿದ್ದು ಕಾಲು ಮುರಿದುಕೊಂಡದ್ದಕ್ಕೆ ಸೊಸೆ ಅಳುತ್ತಿದ್ದಳಂತೆ. ಅಜ್ಜಿ ನನ್ನ ಹೆಗಲನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, “ಯಾರಿಗೆ ತಂದ್ಯಪ್ಪಾ? ನಂಗಾ?” ಎಂದಳು. “ಛೇ ಛೇ, ಇಲ್ಲಜ್ಜಿ, ಬಿಸಿಲಿಗೆ ಹಾಕಕ್ಕೆ ಹೊರಟಿದ್ದೆ” ಎಂದೆ. ಹೊರಗೆ ಜಡಿಮಳೆ ಹೊಯ್ಯುತ್ತಿತ್ತು.

ಈಗ ಬೆಕ್ಕಿನ ವಿಷಯ. ನನ್ನದು ಎಸ್ಟೇಟ್ ಸಾಮಾನಿನ ಅಂಗಡಿ. ಕತ್ತಿ, ಗುದ್ದಲಿ, ಪ್ಲಾಸ್ಟಿಕ್ ಹಾಳೆ, ಮುಖ್ಯವಾಗಿ ಕಾಫಿ ತುಂಬುವ ಗೋಣಿಚೀಲ. ಗೋಣಿ ಇದ್ದಲ್ಲಿ ಇಲಿ ಇರಲೇಬೇಕು. ಇಲಿಕಾಟ ತಡೆಯಲಾರದೆ ಪಕ್ಕದ ಮನೆಯ ಶೇಷಪ್ಪಣ್ಣನ ಹತ್ತಿರ ಗೋಳು ಹೇಳಿಕೊಂಡಾಗ ಅವರು ತಾವು ಕೆಲಸ ಮಾಡುತ್ತಿದ್ದ ಎಸ್ಟೇಟಿನ ಗೋಡೌನಿನಿಂದ ಒಂದು ಮರಿ ತಂದುಕೊಟ್ಟರು. ಕಾಫಿ ಮೂಟೆಗಳ ಸಂದಿಯಲ್ಲೇ ಹುಟ್ಟಿ, ಅಲ್ಲೇ ಕಣ್ಣು ಬಿಟ್ಟ ಮರಿ. ಹೆಸರಿಟ್ಟವರೂ ಅವರೇ. “ನೋಡು ಮಾರಾಯ, ಇದು ಆಳುಗಳ ಕೆಲಸ ನೋಡೋ ಥರ ಎತ್ತರದಲ್ಲಿ ಕೂತ್ಕೊಂಡು ಎಲ್ಲರನ್ನೂ ನೋಡುತ್ತೆ, ತಾನೊಂದು ಕಡ್ಡಿ ಎತ್ತಲ್ಲ. ಇದಕ್ಕೆ ಮೇಸ್ತ್ರಿ ಅಂತ್ಲೇ ಕರಿ” ಎಂದರು. ಮೇಸ್ತ್ರಿ ನನ್ನ ಅಂಗಡಿಯಲ್ಲಿ ಹಿಡಿದ ಇಲಿ ನಾನಂತೂ ಕಂಡಿಲ್ಲ. ಆದರೆ ಕಾಫಿಗೆ ರೇಟು ಬಂದ ಆ ವರ್ಷಗಳಲ್ಲಿ, ಎಲ್ಲರ ಮನೆಗೂ ಬಂತೆಂದು ನನ್ನ ಹೆಂಡತಿ ಲಲಿತ ಆಸೆಪಟ್ಟು ತರಿಸಿದ್ದ ಸೋಫಾದ ಬೆನ್ನನ್ನು ಅದು ಒಂದೇ ಮಳೆಗಾಲದಲ್ಲಿ ಕಿತ್ತು ನಾರು ಹೊರಗೆ ತೆಗೆಯಿತು. ಸೋಫಾ ಹೋದರೆ ಹೋಯಿತು, ಗೋಡೆಗೆ ಒತ್ತರಿಸಿ ಇಟ್ಟರಾಯಿತು ಎಂದು ನಾನು ಸುಮ್ಮನಿದ್ದೆ. ಲಲಿತ ಸುಮ್ಮನಿರಲಿಲ್ಲ, ಆ ಮಾತು ಬೇರೆ.

ಶೇಷಪ್ಪಣ್ಣ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ರೈಟರ್ ಎಂದರೆ ಆಳುಗಳ ಹಾಜರಿ, ಕೊಯ್ಲಿನ ತೂಕ ಎಲ್ಲ ಬರೆದಿಟ್ಟು ಸಾಯಂಕಾಲ ಬಂಗಲೆಗೆ ಹೋಗಿ ಸಾಹುಕಾರ್ರಿಗೆ ಒಪ್ಪಿಸುವ ಮನುಷ್ಯ. ಸಾಹುಕಾರ್ರು ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ನೀಡಿಕೊಂಡಿರುತ್ತಾರೆ, ರೈಟರ್ ನಿಂತಿರುತ್ತಾನೆ. ಹಗಲೆಲ್ಲ ಕಣದಲ್ಲಿ ನಿಂತು, ಸಂಜೆ ಜಗಲಿಯಲ್ಲಿ ನಿಂತು ಶೇಷಪ್ಪಣ್ಣನ ಎರಡೂ ಕಾಲುಗಳಲ್ಲಿ ನರ ಗಂಟುಗಂಟಾಗಿ ಎದ್ದಿತ್ತು. ಕೂತ್ಕೋ ಎಂದು ಒಂದು ದಿನವೂ ಅಲ್ಲಿ ಯಾರೂ ಅನ್ನಲಿಲ್ಲವಂತೆ. ಸಾಹುಕಾರ್ರು ಕೆಟ್ಟವರೇನಲ್ಲ. ಶೇಷಪ್ಪಣ್ಣನ ಮಗಳ ಮದುವೆಗೆ ಸಹಾಯ ಮಾಡಿದ್ದರು, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು. ಕೂರಿಸಬೇಕೆಂಬುದು ಮಾತ್ರ ಅವರ ತಲೆಗೇ ಬಂದಿರಲಿಲ್ಲ.

ಕೆಲಸ ಬಿಟ್ಟು ಹಾಯಾಗಿರಬೇಕಾದ ಹೊತ್ತಿಗೆ ಶೇಷಪ್ಪಣ್ಣನಿಗೆ ಹೊಟ್ಟೆಯಲ್ಲಿ ಗಡ್ಡೆ. ಮಂಗಳೂರಿಗೆ ಕರೆದುಕೊಂಡು ಹೋದರು. ಮನೆಗೆ ಕರೆದೊಯ್ಯಿರಿ, ಇಷ್ಟವಾದದ್ದು ತಿನ್ನಿಸಿ ಎಂದು ಡಾಕ್ಟರು ಹೇಳಿದರು. ಇಷ್ಟವಾದದ್ದು ತಿನ್ನಿಸಿ ಎನ್ನುವ ಡಾಕ್ಟರನ್ನು ಕಂಡರೆ ನನಗೆ ಮೈ ನಡುಗುತ್ತದೆ. ಅವತ್ತು ಸಂಜೆ ಅವರ ಮಂಚದ ಪಕ್ಕ ಹೋಗಿ ಕೂತೆ. ಏನು ಮಾತಾಡಬೇಕೋ ತೋಚದೆ ಕಾಳುಮೆಣಸಿನ ರೇಟು ಹೇಳಿದೆ. ಅವರು ಸ್ವಲ್ಪ ಹೊತ್ತು ಕೇಳಿ, “ಅದಿರ್ಲಿ ಮಾರಾಯ, ನಿನ್ನ ಜಮಖಾನ ಹೆಂಗಿದೆ?” ಎಂದರು.

“ಎಂತ ಮಾತೂಂತ ಆಡ್ತೀರಿ ಶೇಷಪ್ಪಣ್ಣ” ಎಂದೆ.

“ಕೇಳಿಲ್ಲಿ. ಮಹೇಶ ಪ್ಲಾಸ್ಟಿಕ್ ಕುರ್ಚಿ ತರಿಸ್ತೀನಿ ಅಂತಾನೆ. ಈಗೆಲ್ಲಾ ಅದೇ ಅಲ್ವಾ, ಸತ್ತೋರ ಮನೆಗೂ ಶಾಮಿಯಾನ, ಕುರ್ಚಿ. ಕುರ್ಚಿ ಬಂದ್ರೆ ಸಾಹುಕಾರ್ರು ಅದ್ರಲ್ಲೇ ಕೂರ್ತಾರೆ, ನಾನು ಸತ್ ಮೇಲೂ ಅವರ ಮುಂದೆ ಹಾಜರಿ ಒಪ್ಪಿಸ್ದಂಗೆ ಇರುತ್ತೆ. ನಂಗೆ ಬ್ಯಾಡ. ನನ್ನ ಬೆಂಚಿನ ಮೇಲೆ ಮಲಗ್ಸಿ, ಮುಂದೆ ನಿನ್ನ ಜಮಖಾನ ಹಾಸು. ಒಂದೇ ಒಂದ್ಸಲ ಅವ್ರು ಕೆಳಗೆ ಕೂತು ನಾನು ಮೇಲಿರ್ಬೇಕು. ಅಷ್ಟೇಯ.” ಹೀಗೆ ಹೇಳಿ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಮಹೇಶ ಅವರ ಮಗ, ಅದೇ ಎಸ್ಟೇಟಿನಲ್ಲಿ ಈಗ ಅವನೇ ರೈಟರ್. ಬಾಗಿಲ ಬಳಿ ನಿಂತಿದ್ದವನು, “ಜಮಖಾನ ಸರಿಯಾಗಿದ್ರೆ ಹಾಸೋಣ ಅಪ್ಪಯ್ಯ. ಹರಿದದ್ರ ಮೇಲೆ ಸಾಹುಕಾರ್ರನ್ನ ಕೂರ್ಸಕ್ಕಾಗಲ್ಲ, ನಾಳೆ ಅವರ ಮುಂದೆ ನಿಲ್ಲೋನು ನಾನು” ಎಂದ. ತಪ್ಪೆನ್ನಲು ಬರುವಂತಿರಲಿಲ್ಲ.

ಅವತ್ತಿನಿಂದ ನನ್ನ ನಿದ್ದೆ ಹಾರಿಹೋಯಿತು. ಏಕೆಂದರೆ ಸೋಫಾದ ಬೆನ್ನು ಮುಗಿಸಿದ್ದ ಮೇಸ್ತ್ರಿ ಆಗಲೇ ಜಮಖಾನದ ಮೂಲೆಯನ್ನು ಎರಡು ಸಲ ಮೂಸಿ ನೋಡಿತ್ತು. ಬೆಕ್ಕಿಗೆ ಕಿತ್ತಳೆ ಸಿಪ್ಪೆ ಆಗದು ಎಂದು ಯಾರೋ ಹೇಳಿದರು. ಸಿಪ್ಪೆ ಸುತ್ತ ಹರಡಿದೆ. ಮೇಸ್ತ್ರಿ ಅದರ ಮಧ್ಯೆ ಮಲಗಿ ನಿದ್ದೆ ಹೊಡೆಯಿತು. ಮೆಣಸಿನಪುಡಿ ಉದುರಿಸಿದೆ. ಮನೆಮಂದಿಯೆಲ್ಲ ಸೀನಿದೆವು, ಅದು ಸೀನಲಿಲ್ಲ. ಉಗುರು ಕತ್ತರಿಸಿಬಿಡೋಣ ಎಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದೆ. ಆಮೇಲೆ ನಾನು ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. “ದೂರ ಎಲ್ಲಾದ್ರೂ ಬಿಟ್ಟು ಬನ್ನಿ ಅತ್ಲಾಗೆ” ಎಂದಳು ಲಲಿತ. ಬಿಡುವುದು ಹೇಗೆ? ಅದು ಆಗಲೇ ದಿನವೂ ಮಧ್ಯಾಹ್ನ ಗೋಡೆ ಹಾರಿ ಹೋಗಿ ಶೇಷಪ್ಪಣ್ಣನ ಮಂಚದ ಮೇಲೆ, ಅವರ ಆ ನೋಯುವ ಕಾಲುಗಳಿಗೆ ಒರಗಿ ಮಲಗುತ್ತಿತ್ತು. ಕಾಲಿಗೆ ಬೆಚ್ಚಗಾಗುತ್ತದೆ ಎಂದು ಅವರು ಅದರ ದಾರಿ ಕಾಯುತ್ತಿದ್ದರು. ಅವರನ್ನು ಉಳಿಸಿಕೊಳ್ಳಲು ನನ್ನ ಕೈಲಾಗದು, ಅವರ ಬೆಕ್ಕನ್ನಾದರೂ ಉಳಿಸಬೇಡವೇ?

ಕೊನೆಗೆ ಅಂಗಡಿಯವನ ಬುದ್ಧಿ ಓಡಿತು. ಕಾಫಿ ಸೀಮೆಯ ನಮಗೆ ಏನನ್ನಾದರೂ ಜೋಪಾನ ಮಾಡಬೇಕೆಂದರೆ ಕೈ ತಾನಾಗಿ ಗೋಣಿಗೆ ಹೋಗುತ್ತದೆ. ಬಾಗಿಲಲ್ಲಿ ಕಾಲೊರೆಸಲು ಗೋಣಿ, ಮಳೆಯಲ್ಲಿ ತಲೆಗೆ ಕೊಪ್ಪೆ ಗೋಣಿ, ಹಸುವಿನ ಬೆನ್ನಿಗೂ ಗೋಣಿ. ಒಳ್ಳೆಯ ಹೊಸ ದಪ್ಪ ಗೋಣಿಗಳನ್ನು ಆರಿಸಿ, ಜಮಖಾನವನ್ನು ಮಡಿಸಿ ಒಳಗಿಟ್ಟು, ದಬ್ಬಳದಿಂದ ಹೊಲಿದು ಅಟ್ಟಕ್ಕೇರಿಸಿದೆ. ಹೊಲಿಗೆ ನೋಡಿ ನನಗೇ ಹೆಮ್ಮೆಯಾಯಿತು. ಆಮೇಲಿನ ದಿನಗಳಲ್ಲಿ ಅಟ್ಟದಿಂದ ಪರಪರ ಸದ್ದು ಕೇಳತೊಡಗಿತು. “ನೋಡಿದ್ಯಾ, ಮೇಸ್ತ್ರಿ ಕೊನೆಗೂ ಇಲಿ ಹಿಡಿಯೋಕೆ ಶುರು ಮಾಡ್ತು” ಎಂದೆ ಲಲಿತನಿಗೆ. ಸಂತೋಷಕ್ಕೆ ಅದಕ್ಕೆ ಹಾಲು ಜಾಸ್ತಿ ಹಾಕಿಸಿದೆ. ಕಾಫಿ ಮೂಟೆಯ ಮೇಲೆ ಹುಟ್ಟಿ, ಕಾಫಿ ಮೂಟೆಯ ಮೇಲೇ ಉಗುರು ಮಸೆಯಲು ಕಲಿತ ಬೆಕ್ಕಿಗೆ, ಅದರ ತವರನ್ನೇ ಹೊಲಿದು ಮೇಲಿಟ್ಟಿದ್ದೇನೆಂದು ಗೋಣಿ ಮಾರಿಯೇ ಹೊಟ್ಟೆ ಹೊರೆಯುವ ನನಗೆ ಹೊಳೆಯಲಿಲ್ಲ.

ಕಾಫಿ ಕೊಯ್ಲು ಜೋರಾಗಿದ್ದ ದಿನಗಳವು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮನೆಯಿಂದ ಶೇಷಪ್ಪಣ್ಣನ ಹೆಂಡತಿ ಜಯಕ್ಕನ ಕೂಗು ಕೇಳಿತು. ಈ ಸಲ ಕಿವಿ ತಪ್ಪು ಮಾಡಲಿಲ್ಲ. ಲೋಟ ಹಾಗೇ ಇಟ್ಟು ಅಟ್ಟ ಹತ್ತಿದೆ. ಮೂಟೆಯ ಒಂದು ಮಗ್ಗುಲು ಗುಂಜುಗುಂಜಾಗಿ ಕಿತ್ತುಹೋಗಿತ್ತು. ಹೊಲಿಗೆ ಮಾತ್ರ ಭದ್ರವಾಗಿತ್ತು. ಇಳಿಸಿ ಬಿಡಿಸಿದೆವು. ಮಡಿಸಿಟ್ಟದ್ದರಿಂದ ಅದು ಒಂದೇ ಕಡೆ ಪರಚಿದ್ದರೂ ಮಡಿಕೆ ಬಿಚ್ಚಿದ ಹಾಗೆಲ್ಲ ತೂತುಗಳು ಸಾಲಾಗಿ ತೆರೆದುಕೊಂಡವು. ನಾನು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟೆ. ಅಳು ಬಂತು. ಶೇಷಪ್ಪಣ್ಣ ಹೋದದ್ದಕ್ಕೋ ಜಮಖಾನಕ್ಕೋ, ಆ ಹೊತ್ತಿನಲ್ಲಿ ಬೇರೆ ಮಾಡಿ ನೋಡುವುದು ಸಾಧ್ಯವಿರಲಿಲ್ಲ. ಲಲಿತ ಮಾತ್ರ ಗಟ್ಟಿ ಹೆಂಗಸು. ಅಂಚಿನ ತೂತುಗಳೆಲ್ಲ ಅಡಿಗೆ ಹೋಗುವಂತೆ ನಾಲ್ಕೂ ಕಡೆ ಒಳಗೆ ಮಡಿಸಿದಳು. ನಡುವಿನ ಒಂದು ಮಾತ್ರ ಏನು ಮಾಡಿದರೂ ಉಳಿಯಿತು, ದೊಡ್ಡ ತಟ್ಟೆಯಗಲದ್ದು. “ರೀ, ಇದ್ರ ಮೇಲೆ ನೀವು ಕೂತ್ಬಿಡಿ. ಏನೇ ಆಗ್ಲಿ, ಹೆಣ ಎತ್ತೋ ತಂಕ ಏಳ್ಬೇಡಿ” ಎಂದಳು.

ಕೂತೆ. ಅಂಗಳದ ಬೆಂಚಿನ ಮೇಲೆ ಶೇಷಪ್ಪಣ್ಣ ಬಿಳಿ ಪಂಚೆ ಹೊದ್ದು ಮಲಗಿದ್ದರು, ಅವರ ಕಾಲ ಬಳಿಯೇ ತೂತು, ತೂತಿನ ಮೇಲೆ ನಾನು. ಬಂದವರೆಲ್ಲ ಸುತ್ತ ಕೂತರು. ಬಿಸಿಲೇರಿತು. ಕಾಲು ಜೋಮು ಹಿಡಿದು, ಆಮೇಲೆ ಸೂಜಿ ಚುಚ್ಚಿದಂತಾಗಿ, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ಹೂವಿನ ಹಾರ ಹಾಕಲು ಕರೆದರು, ಏಳಲಿಲ್ಲ. ಚಾ ಕೊಟ್ಟರು, ಕುಡಿಯಲಿಲ್ಲ. ಕುಡಿದರೆ ಮತ್ತೆ ಏಳಬೇಕಾಗುತ್ತದಲ್ಲ! ದೂರದಲ್ಲಿ ಯಾರೋ, “ಅಣ್ಣತಮ್ಮಂದ್ರೂ ಇಷ್ಟು ಹಚ್ಕಳಲ್ಲ ನೋಡಿ” ಎಂದದ್ದು ಕೇಳಿಸಿತು.

ಅಷ್ಟರಲ್ಲಿ ಗೇಟಿನ ಹೊರಗೆ ಸಾಹುಕಾರ್ರ ಜೀಪು ನಿಂತಿತು. ಕೂತಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಧಡಬಡಿಸಿ ಎದ್ದರು. ನಮ್ಮ ಕಡೆ ಇದು ರೂಢಿ, ಸಾವಿನ ಮನೆಯಾದರೂ ಸರಿ. ಜಮಖಾನದ ಮೇಲೆ ಉಳಿದವನು ನಾನೊಬ್ಬನೇ. ನಾನೆಂಥವನು ಗೊತ್ತೇ? ಅಂಗಡಿಗೆ ಒಂದು ಮೊಳೆ ಕೊಳ್ಳಲು ಬಂದವರಿಗೂ ಎದ್ದು ನಿಲ್ಲುವವನು. ಹೊಟ್ಟೆಯೊಳಗೆ ಏಳು ಏಳು ಎಂದು ಯಾರೋ ತಿವಿಯುತ್ತಿದ್ದರು. ಮಹೇಶ ಒಳಗಿನಿಂದ ಮರದ ಕುರ್ಚಿ ಎತ್ತಿಕೊಂಡು ಬರುತ್ತಿದ್ದ, ನನ್ನನ್ನು ದುರುಗುಟ್ಟಿ ನೋಡಿದ. ಸಾಹುಕಾರ್ರು ಬೆಂಚಿನ ಹತ್ತಿರ ಬಂದು ಕೈ ಮುಗಿದರು. ಆಮೇಲೆ ತಿರುಗಿ, ಕೂತೇ ಇದ್ದ ನನ್ನನ್ನು ನೋಡಿದರು. ಬಾಯಿಗೆ ಬಂದದ್ದು ಒಂದೇ ಮಾತು. “ಕೂತ್ಕೊಳಿ” ಎಂದೆ.

ಅವರು ಕುರ್ಚಿಯನ್ನು ಕೈಸನ್ನೆಯಲ್ಲೇ ಬೇಡವೆಂದು, ಚಪ್ಪಲಿ ಬಿಟ್ಟು, ಮಂಡಿಗೆ ಕೈ ಊರಿಕೊಂಡು ನನ್ನ ಪಕ್ಕ ನೆಲಕ್ಕೆ ಕೂತರು. ಬೆಂಚಿನಂಚಿನಿಂದ ಹೊರಗೆ ಬಂದಿದ್ದ ಶೇಷಪ್ಪಣ್ಣನ ಪಾದ ಅವರ ಕಣ್ಣಿನ ಮಟ್ಟಕ್ಕಿತ್ತು. ಗಂಟುಗಂಟಾದ ಆ ನರಗಳನ್ನು ಅವರು ಬಹಳ ಹೊತ್ತು ನೋಡಿದರು. “ಇದು ಯಾವಾಗ ಹಿಂಗಾಯ್ತು?” ಎಂದು ಮೆಲ್ಲಗೆ ಕೇಳಿದರು.

ಸ್ಮಶಾನದಿಂದ ಬರುವಾಗ ಕುಂಟುತ್ತಿದ್ದೆ. ಜಯಕ್ಕ ಬಚ್ಚಲ ಹತ್ತಿರದ ಮೆಟ್ಟಿಲ ಮೇಲೆ ಕೂತಿದ್ದರು, ಅತ್ತು ಅತ್ತು ಮುಖ ಊದಿತ್ತು. “ನಾಗೇಶಣ್ಣ, ಹಂಡೇಲಿ ನೀರು ಕಾದಿದೆ, ಕಾಲಿಗೆ ಹುಯ್ಕಳಿ” ಎಂದರು. ನನಗೇಕೆ ಈ ಉಪಚಾರ ಎಂದು ತಬ್ಬಿಬ್ಬಾದೆ. “ಅವ್ರೇ ಹೇಳಿ ಹೋಗಿದ್ರು. ಬೆಕ್ಕು ಮಂಚದ ಮೇಲೆ ಮಲಗ್ದಾಗ ಉಗುರಲ್ಲಿ ಕೆಂಪು ನೀಲಿ ದಾರ ಸಿಕ್ಕೊಂಡಿರ್ತಿತ್ತು. ದಿನಾ ಅವ್ರೇ ಬಿಡ್ಸಿ ತೆಗಿತಿದ್ರು. ‘ನಾಗೇಶಂಗೆ ಹೇಳ್ಬೇಡ ಮಾರಾಯ್ತಿ, ಹೇಳಿದ್ರೆ ಬ್ಯಾರೆ ಜಮಖಾನ ಹುಡ್ಕಕ್ಕೆ ಊರೂರು ಅಲಿತಾನೆ, ಸಂಜೆ ಬಂದು ನನ್ನ ಹತ್ರ ಕೂರೋರು ಯಾರು? ಅವ್ನು ತೂತು ಮುಚ್ಕಂಡು ಕೂರ್ತಾನೆ, ಯಾರು ಬಂದ್ರೂ ಏಳಲ್ಲ, ಏಳ್ಸಬೇಡ. ಸಂಜೆಗೆ ಕಾಲಿಗೊಂಚೂರು ಬಿಸಿನೀರು ಕೊಡು’ ಅಂದಿದ್ರು.” ಆ ಬಿಸಿನೀರಿನ ಮುಂದೆ ನಿಂತು ನಾನು ಅತ್ತಷ್ಟು ಅಪ್ಪ ಸತ್ತಾಗಲೂ ಅತ್ತಿರಲಿಲ್ಲ.

ಊರಿನಲ್ಲಿ ಬಹಳ ದಿನ ನನ್ನದೇ ಮಾತು. ಸಾಹುಕಾರ್ರು ಬಂದರೂ ಏಳಲಿಲ್ಲವಂತೆ, ಎಂಥ ಗಂಡೆದೆ ಎಂದು ಎಳೆಯ ಹುಡುಗರು ನನ್ನನ್ನು ಬೇರೆಯೇ ಕಣ್ಣಿಂದ ನೋಡತೊಡಗಿದರು. ನಾನು ತಿದ್ದಲು ಹೋಗಲಿಲ್ಲ. ಮರ್ಯಾದೆ ತಾನಾಗಿ ಬಂದಾಗ ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಬೀದಿಯಲ್ಲಿ ಈಗ ಯಾರೇ ಹೋದರೂ ಪ್ಲಾಸ್ಟಿಕ್ ಕುರ್ಚಿಗಳೇ ಬರುತ್ತವೆ. ಜಮಖಾನ ನಮ್ಮ ಹಜಾರದಲ್ಲೇ ಹಾಸಿ ಬಿದ್ದಿದೆ, ಅದನ್ನು ಕಾಯುವ ಕೆಲಸ ನನಗಿಲ್ಲ. ನನಗೂ ಈಗೀಗ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಆಗೆಲ್ಲ ಆ ತೂತಿನ ಕಡೆ ನೋಡಿ, ನನ್ನ ಸರದಿ ಬಂದ ದಿನ ಇದರ ಮೇಲೆ ಏಳದೆ ಕೂರುವವರು ಯಾರಿದ್ದಾರೆ ಎಂದು ಲೆಕ್ಕ ಹಾಕುತ್ತೇನೆ. ಶೇಷಪ್ಪಣ್ಣನನ್ನು ಬಿಟ್ಟು ಯಾರ ಹೆಸರೂ ಹೊಳೆಯುವುದಿಲ್ಲ. ಸದ್ಯಕ್ಕೆ ಅಲ್ಲಿ ಮೇಸ್ತ್ರಿ ಮಲಗಿದೆ. ಎಬ್ಬಿಸಲು ಹೋದರೆ ಪರಚುತ್ತದೆ.