ಯಜಮಾನರನ್ನ ಇಳಿಸಾಕ ಹೊರಟವರು

ಕಚೇರಿ ಮುಂದಿನ ಬೇವಿನ ಗಿಡದ ಕೆಳಗ ಕೂತು ಮಂದಿಯ ಅರ್ಜಿ ಬರೆಯೋನ ಕಣ್ಣಿಗೆ ಇಂಥವು ಬೀಳ್ತಾನೇ ಇರ್ತಾವ. ನಗು ತಡ್ಕೊಂಡು ಉರ್ದೂದಾಗ ಬರೆದುಕೊಡೋದಷ್ಟೇ ನನ್ನ ಕೆಲಸ. ನಿಜಾಮರ ಕಾಲ, ಯುದ್ಧ ನಡೆದಿತ್ತು, ನೂಲಿಗೆ ಕಂಟ್ರೋಲ್ ಬಂದಿತ್ತು, ಸರಕಾರ ಕೊಟ್ಟಷ್ಟೇ. ನಾರಾಯಣಪೇಟೆಗೆ ಬಂದ ನೂಲು ಹಂಚೋರು ನೇಕಾರರ ಪಂಚಾಯತಿ ಯಜಮಾನರು. ನನಗ ಮೀಸೆ ಮೂಡೋಕಿಂತ ಮೊದಲಿಂದ ಅವರೇ ಯಜಮಾನರು. ಕೆಟ್ಟವರಲ್ಲ. ಆದರ ನೂಲು ಮೊದಲು ಅವರ ಓಣಿಗೆ, ಉಳಿದರ ಉಳಿದವರಿಗೆ. ಎಷ್ಟೋ ಮನಿಯಾಗ ಮಗ್ಗ ಸುಮ್ಮನ ನಿಂತಿದ್ದವು.

ಮೂರು ಹೆಸರು

ಅವರನ್ನ ತೆಗೀಬೇಕಂತ ಮೂವರು ಒಂದಾಗಿ ನನ್ನ ಹತ್ರ ಬಂದರು: ನೂಲಿಗೆ ಬಣ್ಣ ಹಾಕೋರೊಬ್ಬರು, ಸೀರೆ ವ್ಯಾಪಾರಿ ಒಬ್ಬರು, ಹಿರೇ ನೇಕಾರರೊಬ್ಬರು. ಅರ್ಜಿ ಬರೆದು, “ಅವರ ಜಾಗಕ್ಕ ಯಾರ ಹೆಸರು ಹಾಕಲಿ?” ಅಂದೆ. ಮೂವರೂ ಒಬ್ಬೊಬ್ಬರೇ ಬಗ್ಗಿ ನನ್ನ ಕಿವಿಯೊಳಗ ತಮ್ಮ ತಮ್ಮ ಹೆಸರು ಹೇಳಿದರು. ನಾನು ಮೂರೂ ಬರೆದೆ.

ತಹಶೀಲ್ದಾರ್ ಸಾಹೇಬರು ಒಬ್ಬೊಬ್ಬರನ್ನೇ ಒಳಗ ಕರೆಸಿದರು. ಅವರ ಉರ್ದೂ ಕನ್ನಡಕ್ಕ ತಿರುವಿ ಹೇಳಾಕ ನಾನು ಪಕ್ಕದಾಗ ನಿಂತಿದ್ದೆ. ಕೇಳಿದ್ದು ಒಂದೇ ಮಾತು: “ನೀವಾಗಲಿಲ್ಲ ಅಂದ್ರ ಯಾರಾಗಬೇಕು?”

“ನಾನಾಗಲಿಲ್ಲ ಅಂದ್ರ ಈಗ ಇದ್ದೋರೇ ಇರಲಿ ಬಿಡ್ರಿ ಹುಜೂರ್,” ಅಂದರು ಬಣ್ಣದವರು. ಉಳಿದಿಬ್ಬರೂ ಅದನ್ನೇ ಹೇಳಿದರು.

ಸಾಹೇಬರು ಅರ್ಜಿ ಮ್ಯಾಲೆ ಷರಾ ಎಳೆದರು: “ಅರ್ಜಿದಾರರು ಮೂವರೂ ಹಾಲಿ ಯಜಮಾನರನ್ನು ಒಪ್ಪಿದ್ದಾರೆ.”

ಜಮಖಾನ

ಊರಾಗ ಸಭಾ ಕರೆದರ ಗುಟ್ಟು ಉಳಿಯಂಗಿಲ್ಲಂತ, ಮೂವರೂ ತಮ್ಮ ಸಭಾ ಮಕ್ತಲ್‌ನ ಧರ್ಮಶಾಲೆಯೊಳಗ ಇಟ್ಟರು. ಐವತ್ತು ಮಂದಿ ಕೂಡಾಕ ಜಮಖಾನ ಬೇಕು. ಅಷ್ಟು ದೊಡ್ಡದು ಇದ್ದದ್ದು ಯಜಮಾನರ ಮನಿಯಾಗ ಮಾತ್ರ. “ಮಕ್ತಲ್ ಧರ್ಮಶಾಲೆಯೊಳಗ ನನ್ನ ತಂಗಿ ಮಗನ ತೊಟ್ಟಿಲ ಕಾರ್ಯ ಐತ್ರಿ” ಅಂತ ಸುಳ್ಳು ಹೇಳಿ ವ್ಯಾಪಾರಿ ತಗೊಂಡು ಬಂದರು.

ಸಭಾ ಕಾವೇರಿತ್ತು. ಹಿರೇ ನೇಕಾರರು ಎದ್ದು ನಿಂತು ಯಜಮಾನರ ತಪ್ಪು ಒಂದೊಂದೇ ಎಣಿಸಾಕ ಹತ್ತಿದ್ದರು. ಆಗ ಬಾಗಿಲೊಳಗ ಯಜಮಾನರೇ ಬಂದು ನಿಂತರು. ಕೈಯಾಗ ಜರಿಯ ಕುಲಾವಿ, ಬೆಲ್ಲದ ಪೊಟ್ಟಣ.

“ಕೂಸು ಎಲ್ಲೈತ್ರಿ?”

ವ್ಯಾಪಾರಿ ಎದ್ದು ನಿಂತು, “ಇನ್ನಾ ಹುಟ್ಟಿಲ್ರಿ,” ಅಂದರು.

ಯಜಮಾನರು ಐವತ್ತೂ ಮುಖ ನೋಡಿದರು. “ಅವಸರ ಇಲ್ಲಪ್ಪಾ. ಹುಟ್ಟೋತನಕ ಜಮಖಾನ ನಿಮ್ಮ ಹತ್ರನೇ ಇರಲಿ,” ಅಂದು ಬೆಲ್ಲ ಹಂಚಿ ಹೋದರು.

ಕೈ ಎತ್ತಿದ್ದು

ಯಾರು ಯಜಮಾನ ಆಗಬೇಕನ್ನೋ ಮೂವರ ಜಗಳ ಮುಗೀಲಿಲ್ಲ. ಕಡೀಕ ಯಾರ ಗುಂಪಿಗೂ ಸೇರದ ಒಬ್ಬನನ್ನ ಹುಡುಕಿದರು. ಗದ್ವಾಲದಿಂದ ಬಂದು ನಮ್ಮೂರಾಗ ಮಗ್ಗ ಹೂಡಿದ್ದ ನೇಕಾರ. ಭಾಳ ಸಂಭಾವಿತ. ತಿಂಗಳಿಂದ ಅವನ ಮಗ್ಗಕ್ಕೂ ನೂಲಿರಲಿಲ್ಲ, ಅದಕ್ಕ ಒಪ್ಪಿದ್ದ.

ಪಂಚಾಯತಿ ಕೂಡಿತು. ನಡವಳಿ ಬರೆಯಾಕ ನಾನೂ ಹೋಗಿದ್ದೆ. ನಡೆಸೋರು ಯಥಾಪ್ರಕಾರ ಯಜಮಾನರೇ. ಗದ್ವಾಲದವ ಕೈ ಮುಗಿದ, “ನಿಮ್ಮ ಎದುರಿಗೆ ನಿಂದ್ರಬೇಕಂತ ಮಾಡೀನ್ರಿ. ತಮ್ಮ ಅಪ್ಪಣೆ ಆಗಬೇಕು.”

“ಆತಪ್ಪಾ, ನಿಂದ್ರು.” ಆಮ್ಯಾಲೆ ಮಂದಿ ಕಡೆ ತಿರುಗಿ, “ಇವ ಬೇಕನ್ನೋರು ಕೈ ಎತ್ರಿ,” ಅಂದರು.

ಒಂದು ಕೈನೂ ಏಳಲಿಲ್ಲ. ಮುಂದಾಳುಗಳು ಮೂವರೂ ನೆಲ ನೋಡಾಕ ಹತ್ತಿದರು. ಗದ್ವಾಲದವನ ಮುಖ ಸಣ್ಣದಾತು.

ಯಜಮಾನರಿಗೆ ಸಿಟ್ಟು ಬಂತು. “ಇಷ್ಟು ದಿನ ಊರೂರು ತಿರುಗಿ ಸಭಾ ಮಾಡಿದ್ರಿ, ಈಗ ಕೈ ಎತ್ತಾಕ ಬರಂಗಿಲ್ಲೇನು? ಹಿಂಗ ಎತ್ರಿ!” ಅಂತ ತಮ್ಮ ಕೈ ಎತ್ತಿ ತೋರಿಸಿದರು.

ಅವರ ಕೈ ಎದ್ದದ್ದೇ ತಡ, ಇಡೀ ಸಭಾ ಕೈ ಎತ್ತಿತು. ಅವರ ಓಣಿಯವರೂ ಎತ್ತಿದರು. ನಾನು ಎಣಿಸಿ ಬರೆದೆ: ಎಲ್ಲರೂ ಗದ್ವಾಲದವನ ಕಡೆ, ಯಜಮಾನರೂ ಸೇರಿ.

ಗದ್ವಾಲದವ ಗಾಬರಿಯಾಗಿ, “ಯಜಮಾನ್ರೇ, ಈಗ ನಾ ಏನ್ ಮಾಡ್ಲಿ?” ಅಂದ.

“ಸಭಾ ಮುಗೀತು, ಏಳ್ರಿ ಅನ್ನಬೇಕು,” ಅಂದರು ಅವರು.

“ಸಭಾ ಮುಗೀತು, ಏಳ್ರಿ,” ಅಂದ ಹೊಸ ಯಜಮಾನ.

ಯಾರೂ ಏಳಲಿಲ್ಲ. ಎಲ್ಲರೂ ಹಳೇ ಯಜಮಾನರ ಮುಖ ನೋಡಿದರು. ಹೊಸ ಯಜಮಾನನೂ ಅವರ ಮುಖ ನೋಡಿ, ತಾನೂ ಕೂತುಬಿಟ್ಟ.