ಝಿಮೊವ್ ಹಳೇಪೇಟೆಯ ಏಕೈಕ ಶ್ರೋತೃ

ಝಿಮೊವ್ ನಗರದ ಹಳೇಪೇಟೆಯ ಜನಸಂಖ್ಯೆ ಒಂದು. ಆರುನೂರು ವರ್ಷಗಳ ಇತಿಹಾಸ, ಹನ್ನೊಂದು ಇಗರ್ಜಿ, ನಾಲ್ಕು ಸಾವಿರ ಪ್ರವಾಸಿ ಹಾಸಿಗೆ, ಒಬ್ಬ ನಿವಾಸಿ. ಉಳಿದವರು ತಮ್ಮ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ಹೊಳೆಯಾಚೆ ನಲ್ಲಿಯಲ್ಲಿ ಬಿಸಿನೀರು ಬರುವ ಕಟ್ಟಡಗಳಿಗೆ ಹೋಗಿ ಸುಖವಾಗಿದ್ದರು. ಆದರೂ ಹಳೇಪೇಟೆ ‘ಜೀವಂತ ಪರಂಪರಾ ನಗರ’ವೆಂದೇ ಸರ್ಕಾರಿ ದಾಖಲೆಯಲ್ಲಿತ್ತು. ಒಬ್ಬರಾದರೂ ಬದುಕಿದ್ದಾರಲ್ಲ ಎಂಬುದು ಪರಂಪರಾ ಇಲಾಖೆಯ ವಾದ. ಅದನ್ನು ಅಲ್ಲಗಳೆಯಲು ಆಧಾರವಿರಲಿಲ್ಲ.

ಫೆಬ್ರವರಿಯ ಒಂದು ಗುರುವಾರ, ಬಲ್ಗೇರಿಯದ ಡೊಲ್ನಿ ಯಾಸೆನ್ ಪಟ್ಟಣದ ಗಾಯಕವೃಂದ ಈ ಊರಿನಲ್ಲಿ ಬಸ್ಸಿನಿಂದಿಳಿಯಿತು. ತಲೆ ಎಣಿಕೆ ಮೂವತ್ತೆರಡು. ಚಳಿ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಎಲ್ಲರಿಗಿಂತ ಕೊನೆಗೆ ಇಳಿದವಳು ಝಿವ್ಕಾ. ನಿವೃತ್ತ ಅಂಚೆ ಗುಮಾಸ್ತೆ. ಮೂವತ್ತೊಂದು ವರ್ಷದಿಂದ ವೃಂದದ ಎರಡನೇ ಸಾಲಿನ ತುದಿಯಲ್ಲಿ ನಿಂತು ಕೆಳಸ್ವರ ಹಾಡುತ್ತ ಬಂದವಳು. ಕೆಳಸ್ವರವೆಂದರೆ ಮನೆಯ ಅಡಿಪಾಯವಿದ್ದ ಹಾಗೆ ಎಂದು ವೃಂದದ ನಿರ್ದೇಶಕ ಆಸ್ಪರುಖ್ ಆಗಾಗ ಅವಳನ್ನು ಹೊಗಳುತ್ತಿದ್ದ. ಅಡಿಪಾಯವನ್ನು ಇವತ್ತಿನವರೆಗೆ ಯಾರೂ ನೋಡಲು ಬಂದದ್ದಿಲ್ಲ ಎಂಬುದು ಝಿವ್ಕಾಳಿಗೆ ಗೊತ್ತಿತ್ತು.

ಈ ಸಲ ಮಾತ್ರ ಅವಳೊಬ್ಬಳೇ ಹಾಡಲು ನಾಲ್ಕು ಸಾಲು ಸಿಕ್ಕಿತ್ತು. ದೂರದೂರಿಗೆ ಮದುವೆಯಾಗಿ ಹೋದ ಹುಡುಗಿ, ‘ಗುಡ್ಡವೇ, ಒಂದಿಷ್ಟು ಬಗ್ಗು, ನನ್ನ ಮನೆಯ ಹೊಗೆ ಕಾಣಲಿ’ ಎಂದು ಬೇಡಿಕೊಳ್ಳುವ ನಾಲ್ಕು ಸಾಲು. ಝಿವ್ಕಾ ಈ ವಿಷಯವನ್ನು ಬೇಕರಿಯವನಿಗೆ, ಹಲ್ಲಿನ ಡಾಕ್ಟರಿಗೆ, ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದ ನಾದಿನಿಗೂ ತಿಳಿಸಿದ್ದಳು. ಗಂಟಲು ಕೆಡಬಾರದೆಂದು ದಾರಿಯುದ್ದಕ್ಕೂ ತುಟಿ ಬಿಚ್ಚದೆ, ಕತ್ತಿಗೆ ಮಫ್ಲರನ್ನು ಮೂರು ಸುತ್ತು ಸುತ್ತಿಕೊಂಡು, ಫ್ಲಾಸ್ಕಿನ ಕಷಾಯ ಕುಡಿಯುತ್ತ ಬಂದಿದ್ದಳು.

ಇಗರ್ಜಿಯ ಬಾಗಿಲಲ್ಲಿ ಪರಂಪರಾ ಇಲಾಖೆಯ ಗುಮಾಸ್ತ ಒಟಕರ್ ಎರಡು ಟೋಪಿ ಹಾಕಿಕೊಂಡು ನಿಂತಿದ್ದ. ಅವನ ಬೆನ್ನ ಹಿಂದೆ ಒಂದು ಪ್ರಕಟಣೆಯಿತ್ತು:

‘ಪ್ರವಾಸಿ ಗಾಯಕವೃಂದಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿಯಮ ೭ರ ಪ್ರಕಾರ, ಹಳೇಪೇಟೆಯಲ್ಲಿ ಹಾಡಿದ ಯಾವುದೇ ಹಾಡನ್ನು ಹಳೇಪೇಟೆಯ ನಿವಾಸಿಯು ಖುದ್ದಾಗಿ ಕೇಳಿ ರುಜು ಮಾಡದ ಹೊರತು, ಸದರಿ ಹಾಡನ್ನು ಹಾಡಲಾಗಿದೆಯೆಂದು ಪರಿಗಣಿಸತಕ್ಕದ್ದಲ್ಲ.’

ಈ ನಿಯಮಕ್ಕೆ ಕಾರಣವಿತ್ತು. ಹಿಂದೆ ಬರುತ್ತಿದ್ದ ವೃಂದಗಳು ಒಂದರ ಹಾಡಿಗೆ ಇನ್ನೊಂದು ಚಪ್ಪಾಳೆ ತಟ್ಟಿ, ಊರವರ ಮುಖವನ್ನೇ ನೋಡದೆ ಪ್ರಮಾಣಪತ್ರ ಕಟ್ಟಿಕೊಂಡು ಹೋಗುತ್ತಿದ್ದವು. ಇದು ಸಂಸ್ಕೃತಿಯ ದುರುಪಯೋಗವೆಂದು ಇಲಾಖೆ ತೀರ್ಮಾನಿಸಿತು. ಅಂದಿನಿಂದ ಏಕೈಕ ನಿವಾಸಿ ಬೊಝೆನಾ, ವಯಸ್ಸು ಎಂಬತ್ತೊಂದು, ದಿನಕ್ಕೆ ನಾಲ್ಕು ಕಾರ್ಯಕ್ರಮ ಕೇಳಿ, ರಿಜಿಸ್ಟರಿನಲ್ಲಿ ‘ಕೇಳಿಸಿತು’ ಎಂದು ಬರೆಯುತ್ತಿದ್ದಳು. ಆ ದಿನ ಅವಳು ಮೂರು ರಜಾಯಿ ಹೊದ್ದು, ಬಾಗಿಲ ಪಕ್ಕ ತನ್ನ ಅಧಿಕೃತ ಕುರ್ಚಿಯಲ್ಲಿ ಕೂತಿದ್ದಳು.

“ಮಂಗಳವಾರದಿಂದ ಕಿವಿ ಮುಚ್ಕೊಂಡಿದೆ,” ಅಂದಳು.

“ಆಯ್ತಲ್ಲ,” ಒಟಕರ್ ರಿಜಿಸ್ಟರ್ ಮುಚ್ಚಿದ. “ಇವತ್ತಿನ ಕಾರ್ಯಕ್ರಮ ಇಲ್ಲ.”

“ನಾವು ಇಪ್ಪತ್ತಾರು ಗಂಟೆ ಬಸ್ಸಲ್ಲಿ ಕೂತು ಬಂದಿದೀವಿ ಸ್ವಾಮಿ,” ಅಂದ ಆಸ್ಪರುಖ್. ಎರಡು ಊರಿನ ಭಾಷೆಗಳೂ ದಾಯಾದಿಗಳಾದ್ದರಿಂದ ಬೈಗುಳವೂ ಸೇರಿ ಎಲ್ಲ ಅರ್ಥವಾಗುತ್ತಿತ್ತು. “ಬಾಗಿಲು ತೆಗೀರಿ, ಹಾಡಿ ಹೋಗ್ತೀವಿ.”

“ಹಾಡಿ. ಬೇಡ ಅಂದೋರು ಯಾರು? ಆದ್ರೆ ಹಾಡಿದಂಗಾಗಲ್ಲ.”

ಶ್ರವಣ ಪ್ರಮಾಣಪತ್ರವಿಲ್ಲದೆ ಊರಿಗೆ ಹೋದರೆ ಅಲ್ಲಿನ ಪುರಸಭೆ ಅವರ ತಾಲೀಮು ಕೋಣೆಯನ್ನು ಟೇಬಲ್ ಟೆನಿಸ್‌ನವರಿಗೆ ಕೊಡುವುದು ಖಚಿತವಿತ್ತು. ಆಸ್ಪರುಖ್ ಬೇಡಿಕೊಂಡ. ಒಟಕರ್ ಮನುಷ್ಯನೇ ಆದ್ದರಿಂದ ಕರಗಿ, ತನ್ನ ಮೇಜಿನ ಡ್ರಾಯರಿನಿಂದ ನಮೂನೆ ೧೯ನ್ನು ತೆಗೆದ. ನಿವಾಸಿಯ ಕಿವಿ ಕೆಟ್ಟಲ್ಲಿ ಅತಿಥಿಗಳ ಪೈಕಿ ಒಬ್ಬರನ್ನು ತಾತ್ಕಾಲಿಕ ನಿವಾಸಿಯಾಗಿ ನೇಮಿಸಬಹುದಿತ್ತು. ಹುದ್ದೆ ಒಂದೇ ಆದ್ದರಿಂದ ಹಳಬರು ಬಿಡುಗಡೆಯಾಗುತ್ತಿದ್ದರು.

“ಆ ಮಫ್ಲರ್‌ನೋಳನ್ನ ಹಾಕ್ಕೊಳ್ಳಿ,” ಎಂದಿತು ರಜಾಯಿಯೊಳಗಿನ ದನಿ. “ಮೂರು ಸುತ್ತು ಸುತ್ತಿದಾಳೆ. ಕಿವಿ ಬೆಚ್ಚಗಿರುತ್ತೆ.”

ಕಿವಿ ಕೇಳದವಳಿಗೆ ಇದೆಲ್ಲ ಹೇಗೆ ಕೇಳಿಸಿತೆಂದು ಯಾರೂ ವಿಚಾರಿಸಲಿಲ್ಲ. ಆ ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ.

“ಒಂದು ಸಾಯಂಕಾಲದ ಮಾತು ಝಿವ್ಕಾ,” ಅಂದ ಆಸ್ಪರುಖ್.

ಝಿವ್ಕಾ ಎರಡು ದಿನದಲ್ಲಿ ಮೊದಲ ಬಾರಿ ಬಾಯಿ ಬಿಟ್ಟಳು. “ನನ್ನ ನಾಲ್ಕು ಸಾಲು?”

“ಹಾಡೋರು ಬೀದಿಗೊಬ್ಬರು ಸಿಗ್ತಾರಮ್ಮ. ಕೇಳೋದೇ ಕಷ್ಟದ ವಿದ್ಯೆ.”

“ಅಷ್ಟು ದೊಡ್ಡ ವಿದ್ಯೆ ಆಗಿದ್ರೆ ನೀವೇ ಕೂತ್ಕೊಳ್ಳಿ.”

“ನಾನು ಕೂತ್ರೆ ಕೈ ಆಡಿಸೋರು ಯಾರು?”

ಉಳಿದ ಮೂವತ್ತು ಜನ ತಂತಮ್ಮ ಬೂಟುಗಳನ್ನು ನೋಡಿಕೊಂಡರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವ ಪದ್ಧತಿ ಎಲ್ಲ ದೇಶಗಳಲ್ಲೂ ಇದೆ. ಬರೆಯ ಹೊತ್ತಿಗೆ ಉಳಿದ ಎತ್ತುಗಳು ಸುಮ್ಮನಿರುವುದೂ ಇದೆ. ಝಿವ್ಕಾ ರುಜು ಹಾಕಿದಳು. ಆಮೇಲೆ, ಅಂಚೆಯವಳಾದ್ದರಿಂದ, ಕೆಳಗಿನ ಸಣ್ಣ ಅಕ್ಷರ ಓದಿದಳು.

“ತಾತ್ಕಾಲಿಕ ಅಂದ್ರೆ ಎಷ್ಟು ದಿನ?”

“ಮುಂದಿನವರು ಸಿಗೋ ತನಕ,” ಅಂದ ಒಟಕರ್. “ಬೊಝೆನಾ ಅಜ್ಜೀನೂ ತಾತ್ಕಾಲಿಕವೇ.”

ಕಾರ್ಯಕ್ರಮ ಶಾಸ್ತ್ರೋಕ್ತವಾಗಿ ನಡೆಯಿತು. ಝಿವ್ಕಾಳ ನಾಲ್ಕು ಸಾಲಿನ ಜಾಗ ಬಂದಾಗ ವೃಂದ ಅವಳ ಗೌರವಾರ್ಥ ನಲವತ್ತು ಸೆಕೆಂಡು ಮೌನವಾಗಿ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕುರ್ಚಿಯಲ್ಲಿದ್ದ ಝಿವ್ಕಾಳ ತುಟಿ ತಾನಾಗಿ ಅಲುಗಿತು. ಒಟಕರ್ ಅವಳ ಭುಜ ತಟ್ಟಿದ.

“ಶ್ರೋತೃ ಬಾಯಿ ಆಡಿಸೋ ಹಾಗಿಲ್ಲ.”

ಅವಳು ‘ಕೇಳಿಸಿತು’ ಎಂದು ಬರೆದುಕೊಟ್ಟು ಬಸ್ಸಿನ ಬಳಿಗೆ ಓಡಿದಾಗ ಡ್ರೈವರ್ ತಲೆ ಎಣಿಸಿ ಮುಗಿಸಿದ್ದ. ಬಂದದ್ದು ಮೂವತ್ತೆರಡು, ಹೊರಟದ್ದೂ ಮೂವತ್ತೆರಡು, ಲೆಕ್ಕ ಸರಿಯಿತ್ತು. ಝಿವ್ಕಾಳ ಕಿಟಕಿ ಪಕ್ಕದ ಸೀಟಿನಲ್ಲಿ ಬೊಝೆನಾ ಕೂತು, ಝಿವ್ಕಾ ದಾರಿಗೆಂದು ಕಟ್ಟಿಕೊಂಡಿದ್ದ ಚೀಸ್ ಬಾನಿತ್ಸಾ ತಿನ್ನುತ್ತಿದ್ದಳು.

“ಕಿವಿ ಬಿಡ್ತು,” ಅಂದಳು ಕಿಟಕಿ ಇಳಿಸಿ. “ಒಲೆಯ ಎಡಗಡೆ ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತೆ, ನೆನಪಿಟ್ಕೋ.”

“ಕಾಗದ ಬರೀತೀವಿ,” ಎಂದು ಕೂಗಿದ ಆಸ್ಪರುಖ್. ಮೂವತ್ತೇಳು ವರ್ಷ ಅಂಚೆ ಕಚೇರಿಯಲ್ಲಿದ್ದ ಝಿವ್ಕಾಳಿಗೆ ಈ ಮಾತಿನ ಬೆಲೆ ತಿಳಿದಿತ್ತು.

ನಿವಾಸಿಯ ಕರ್ತವ್ಯಗಳು ಹಾಡು ಕೇಳುವುದಕ್ಕೆ ಮುಗಿಯುತ್ತಿರಲಿಲ್ಲ. ಪ್ರತಿ ಮಂಗಳವಾರ, ಹಿಮ ಬೀಳುತ್ತಿದ್ದರೂ, ಪ್ರವಾಸಿಗರ ಫೋಟೊಗಾಗಿ ಬೀದಿಗೆ ಅಡ್ಡಲಾಗಿ ಬಟ್ಟೆ ಒಣಹಾಕಬೇಕು. ಸಂಜೆ ಕಿಟಕಿಯಲ್ಲಿ ದೀಪವಿಡಬೇಕು. ಊರು ಜೀವಂತವಾಗಿದೆಯೆಂದು ತೋರಿಸಲು ತಿಂಗಳಿಗೆ ಎರಡು ಸಲ ಕಿಟಕಿಯಿಂದ ಯಾರನ್ನಾದರೂ ಬೈಯಬೇಕು. ಝಿವ್ಕಾ ಮೊದಲ ತಿಂಗಳೇ ಹದಿನಾಲ್ಕು ಸಲ ಬೈದು ಇಲಾಖೆಯ ಮೆಚ್ಚುಗೆ ಪತ್ರ ಪಡೆದಳು. ಊರಿನಿಂದ ಮಾತ್ರ ಒಂದು ಕಾರ್ಡೂ ಬರಲಿಲ್ಲ.

ಮುಂದಿನ ಜನವರಿಯ ಒಂದು ಮಧ್ಯಾಹ್ನ ಯಾವ ವೃಂದವೂ ಇರಲಿಲ್ಲ. ಅವಳು ಖಾಲಿ ಇಗರ್ಜಿಯ ನಡುವೆ ನಿಂತು, ಆ ನಾಲ್ಕು ಸಾಲು ಹಾಡಿಬಿಟ್ಟಳು. ಒಟಕರ್ ರಿಜಿಸ್ಟರ್ ಹಿಡಿದು ಬಂದ.

“ಯಾರು ಕೇಳಿದ್ದು?”

“ನಾನೇ.”

“ಹಾಡಿದ್ದು?”

“ಅದೂ ನಾನೇ.”

“ನಿವಾಸಿ ಹಾಡಿದ್ರೆ ಅದು ಹಾಡಲ್ಲಮ್ಮ, ಗಲಾಟೆ. ನಿಯಮ ಇಪ್ಪತ್ತೆರಡು. ನಿವಾಸಿಗಳ ನೆಮ್ಮದಿಗೆ ಭಂಗ. ದೂರು ಕೊಡ್ಬೇಕು.”

“ಕೊಡೋರು ಯಾರು?”

“ನಿವಾಸಿ.”

ಝಿವ್ಕಾ ತನ್ನ ವಿರುದ್ಧ ತಾನೇ ದೂರು ಬರೆದು, ತಾನೇ ಕ್ಷಮೆ ಕೇಳಿ, ಕ್ಷಮಿಸಲಾಗಿದೆ ಎಂದು ತಾನೇ ರುಜು ಹಾಕಿದಳು. ಆ ದಿನ ಮನೆಗೆ ಹೋಗಿ ಅತ್ತಳು. ಒಲೆಯ ಬಾಗಿಲನ್ನು ಒದ್ದಳು; ಅದು ಮುಚ್ಚಿತು.

ಫೆಬ್ರವರಿಯಲ್ಲಿ ಡೊಲ್ನಿ ಯಾಸೆನ್ ವೃಂದ ಮತ್ತೆ ಬಂತು. ತಲೆ ಎಣಿಕೆ ಮೂವತ್ತೆರಡು. ಎರಡನೇ ಸಾಲಿನ ತುದಿಯಲ್ಲಿ ಬೊಝೆನಾ, ಕಸೂತಿಯ ಏಪ್ರನ್ ಕಟ್ಟಿ, ಹತ್ತು ವರ್ಷ ಕಿರಿಯಳಾಗಿ ನಿಂತಿದ್ದಳು.

“ಚೆನ್ನಾಗಿದೀಯಾ ಝಿವ್ಕಾ?” ಅಂದ ಆಸ್ಪರುಖ್. “ಕಾಗದ ಬರೀಬೇಕು ಅಂತಲೇ ಇದ್ದೆ ನೋಡು.”

ಹಾಡು ಶುರುವಾಯಿತು. ಗುಡ್ಡಕ್ಕೆ ‘ಬಗ್ಗು’ ಎನ್ನುವ ಜಾಗ ಬಂತು. ಈ ಸಲ ಮೌನವಿರಲಿಲ್ಲ. ಬೊಝೆನಾ ಒಂದು ಹೆಜ್ಜೆ ಮುಂದೆ ಬಂದು ನಾಲ್ಕೂ ಸಾಲು ಹಾಡಿದಳು. ಇಷ್ಟು ವರ್ಷ ಕುರ್ಚಿಯಲ್ಲಿ ಕೂತು ಕೇಳಿದವಳು. ಒಂದು ಸ್ವರ ತಪ್ಪಲಿಲ್ಲ. ಝಿವ್ಕಾಳ ಹೊಟ್ಟೆಗೆ ಬೆಂಕಿ ಬಿತ್ತು. ಆ ಚಳಿಯಲ್ಲಿ ಅದು ಉಪಕಾರವೇ ಆಯಿತು.

ಒಟಕರ್ ರಿಜಿಸ್ಟರ್ ಚಾಚಿದ. ಝಿವ್ಕಾ ‘ಕೇಳಿಸಲಿಲ್ಲ’ ಎಂದು ಬರೆದಳು.

“ಏನಾಯ್ತಮ್ಮ?”

“ಮಂಗಳವಾರದಿಂದ ಕಿವಿ ಮುಚ್ಕೊಂಡಿದೆ.”

ಒಟಕರ್ ಡ್ರಾಯರ್ ಎಳೆದ. ಸಾಲಿನಲ್ಲಿ ಬೊಝೆನಾ ಒಬ್ಬಳೇ ಮುಗುಳ್ನಕ್ಕಳು. “ನಮೂನೆ ೧೯. ಯಾರನ್ನ ಹಾಕೋಣ?” ಅಂದ ಒಟಕರ್.

“ನಮ್ಮ ನಿರ್ದೇಶಕರನ್ನ. ಕೇಳೋ ವಿದ್ಯೆಯ ಕಷ್ಟ ಅವರಿಗೇ ಚೆನ್ನಾಗಿ ಗೊತ್ತು.”

“ನಾನು ಕೂತ್ರೆ ಕೈ ಆಡಿಸೋರು ಯಾರು?” ಅಂದ ಆಸ್ಪರುಖ್.

ಮೂವತ್ತು ಜನ ತಂತಮ್ಮ ಬೂಟುಗಳನ್ನು ನೋಡಿಕೊಂಡರು. ಟೇಬಲ್ ಟೆನಿಸ್‌ನವರ ನೆನಪು ಎಲ್ಲರಿಗೂ ಇತ್ತು. ಆಸ್ಪರುಖ್ ರುಜು ಹಾಕಿದ.

“ಬಾ, ನಿನ್ನ ಜಾಗಕ್ಕೆ,” ಬೊಝೆನಾ ಪಕ್ಕಕ್ಕೆ ಸರಿದಳು. “ನಂಗೂ ಗಂಟಲು ಕಟ್ಟಿದೆ.”

ಕಾರ್ಯಕ್ರಮ ಮೊದಲಿನಿಂದ ನಡೆಯಿತು. ನಿರ್ದೇಶಕನಿಲ್ಲದ ಕೊರತೆ ಯಾರ ಗಮನಕ್ಕೂ ಬರಲಿಲ್ಲ. ಝಿವ್ಕಾ ಮುಂದೆ ಬಂದು ನಾಲ್ಕು ಸಾಲು ಹಾಡಿದಳು. ವರ್ಷವಿಡೀ ಬೈದು ದನಿ ಒರಟಾಗಿತ್ತು, ಎರಡನೇ ಸಾಲಿನಲ್ಲಿ ಒಡೆಯಿತು, ಅವಳು ನಿಲ್ಲಿಸಲಿಲ್ಲ. ಮೂರನೆಯದಕ್ಕೆ ಕುರ್ಚಿಯಲ್ಲಿದ್ದ ಆಸ್ಪರುಖ್‌ನ ಬಲಗೈ ಮೇಲೇಳತೊಡಗಿತು. ಒಟಕರ್ ಅವನ ಭುಜ ತಟ್ಟಿದ.

“ಶ್ರೋತೃ ಕೈ ಆಡಿಸೋ ಹಾಗಿಲ್ಲ.”

ಕೈ ಇಳಿಯಿತು. ನಾಲ್ಕನೇ ಸಾಲು ಮುಗಿಯಿತು. ಆಸ್ಪರುಖ್ ರಿಜಿಸ್ಟರಿನಲ್ಲಿ ‘ಕೇಳಿಸಿತು’ ಎಂದು ಬರೆದ. ಮೂವತ್ತೆರಡು ವರ್ಷ ಕಾದ ಝಿವ್ಕಾ ಆ ಪದವನ್ನು ಎರಡು ಸಲ ಓದಿ, ಪ್ರಮಾಣಪತ್ರವನ್ನು ಮಫ್ಲರಿನೊಳಗೆ ಇಟ್ಟುಕೊಂಡಳು.

ಬಸ್ಸಿನಲ್ಲಿ ತಲೆ ಎಣಿಕೆ ಮೂವತ್ತೆರಡು ಬಂತು, ಡ್ರೈವರ್ ಹೊರಟ. “ಕಾಗದ ಬರೀತೀವಿ,” ಅಂದಳು ಝಿವ್ಕಾ, ಕಿಟಕಿ ಇಳಿಸಿ.

ಹಳೇಪೇಟೆಯ ಜನಸಂಖ್ಯೆ ಸ್ಥಿರವಾಗಿದೆಯೆಂದು ಇಲಾಖೆ ಆ ವರ್ಷದ ವರದಿಯಲ್ಲಿ ಸಂತೋಷ ವ್ಯಕ್ತಪಡಿಸಿತು. ಮಂಗಳವಾರ ಬೆಳಿಗ್ಗೆ ಆಸ್ಪರುಖ್ ತನ್ನ ಎರಡು ಅಂಗಿಗಳನ್ನು ಬೀದಿಗೆ ಅಡ್ಡಲಾಗಿ ಒಣಹಾಕಿದ. ನಾಲ್ಕು ಬಸ್ಸಿನ ಜನ ನಿಂತು ಫೋಟೊ ತೆಗೆದುಕೊಂಡರು.