ಶಿವರಾಯರ ನಾಲ್ಕೆಕರೆ

ಹೊಲ ಎಷ್ಟಿದೆ ಎಂದು ಜೇವರ್ಗಿಯ ದೌಲತರಾಯರು ಕೇಳಿದಾಗ ಇಲ್ಲವೆಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆಳಂದದ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದ ಶಿವರಾಯರ ಮಗಳಿಗೆ ಆಗಲೇ ಮೂರು ಸಂಬಂಧ ಬಂದು ತಪ್ಪಿದ್ದವು. ದೌಲತರಾಯರ ಮಗನ ಈ ಸಂಬಂಧವೂ ಕೈಬಿಟ್ಟೀತೆಂಬ ಹೆದರಿಕೆಯಲ್ಲಿ ಅವರ ನಾಲಿಗೆ ತಾನೇ ಮುಂದೆ ಬಿದ್ದು, "ಮಟಕಿ ಕಡೀಗಿ ನಾಲ್ಕ ಎಕರೆ ಅದರಿ" ಎಂದುಬಿಟ್ಟಿತು. ಅಂಗಳದ ಮಲ್ಲಿಗೆ ಬುಡ ಬಿಟ್ಟರೆ ಅವರಿಗೆ ಹಿಡಿ ಮಣ್ಣೂ ಇರಲಿಲ್ಲ.

ವಾರದಲ್ಲಿ ಕಾರ್ಡು ಬಂತು. ಊರೆಲ್ಲ ಹೊಲದಲ್ಲಿ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆಯ ಊಟ ಈ ಸಲ ನಿಮ್ಮ ಹೊಲದಲ್ಲೇ, ಬರುತ್ತೇನೆ ಎಂದು ದೌಲತರಾಯರು ಬರೆದಿದ್ದರು.

ಶಿವರಾಯರ ಗೆಳೆಯ ಮಲ್ಕಪ್ಪನಿಗೆ ಮಟಕಿ ಹಳ್ಳಿಯಲ್ಲಿ ಹೊಲವಿತ್ತು. ಒಂದು ದಿನದ ಮಟ್ಟಿಗೆ ನಿನ್ನದೆಂದುಕೋ, ಬಡಿಸಲು ಕೂಲಿಯ ಹೆಂಗಸನ್ನೂ ಇಟ್ಟಿರುತ್ತೇನೆ ಎಂದು ಅವನು ಧಾರಾಳವಾಗಿ ಒಪ್ಪಿದ. ಗುರುತನ್ನೂ ಹೇಳಿದ. ಒಂದು ಬನ್ನಿ ಗಿಡ, ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು, ಮೇಲೆ ಜೋಳದ ದಂಟಿನ ಗೂಡು.

ಆ ದಿನ ಶಿವರಾಯರು ಬೀಗರಾಗುವವರೊಂದಿಗೆ ಬಸ್ಸಿಳಿದು ಸುತ್ತ ನೋಡಿದರು. ರೊಟ್ಟಿಹಂಚಿನಂಥ ಕಪ್ಪು ನೆಲ, ಆಳೆತ್ತರದ ಬಿಳಿಜೋಳ. ಎಳ್ಳಮಾವಾಸ್ಯೆಯಾದ್ದರಿಂದ ಹೊಲಹೊಲಕ್ಕೂ ಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲು, ದಂಟಿನ ಗೂಡು. ತನ್ನ ಹೊಲಕ್ಕೆ ತಾನೇ ದಾರಿ ಕೇಳುವಂತೆಯೂ ಇಲ್ಲ. ದೇವರ ಮೇಲೆ ಭಾರ ಹಾಕಿ ಒಂದು ಬದು ಹಿಡಿದು ನಡೆದರು.

ಗೂಡಿನ ಬಳಿ ಮುದುಕಿಯೊಬ್ಬಳು ಬುಟ್ಟಿ ಬಿಚ್ಚುತ್ತಿದ್ದಳು. ಇವಳೇ ಮಲ್ಕಪ್ಪನ ಕೂಲಿಯವಳೆಂದು ಶಿವರಾಯರಿಗೆ ಹೋದ ಜೀವ ಬಂದಂತಾಯಿತು. ದೌಲತರಾಯರಿಗೆ ಅದೇಕೋ ಜೋರು ಕೆಮ್ಮು ಬಂತು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯವ್ವಾ, ನಮ್ಮ ಬೀಗರು ಬಂದಾರ, ತಾಟ ಹಚ್ಚು," ಎಂದು ಶಿವರಾಯರು ಒಡೆತನ ಶುರುಮಾಡಿದರು.

ಮುದುಕಿ ತಟ್ಟೆಗಳನ್ನಿಟ್ಟು ಬಡಿಸಿದಳು. ಸಜ್ಜೆ ರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಹೊಟ್ಟೆಗೆ ಬಿದ್ದಂತೆಲ್ಲ ಶಿವರಾಯರ ಹೊಲವೂ ಬೆಳೆಯಿತು. ಆ ಕಡೆಯ ಕಡಲೆಯೂ ತಮ್ಮದೆಂದರು, ಈ ಕಡೆಯ ಕುಸುಬೆಯೂ ತಮ್ಮದೆಂದರು. ಭಜ್ಜಿಗೆ ಉಪ್ಪು ಕಡಿಮೆಯೆಂದು ಮುದುಕಿಯನ್ನು ಗದರಿ, ಆಳುಗಳನ್ನು ಬಿಗಿಯಲ್ಲಿಡಬೇಕೆಂದು ಬೀಗರಿಗೆ ಬುದ್ಧಿಯನ್ನೂ ಹೇಳಿದರು. ದೌಲತರಾಯರು ಹೌದೆನ್ನುತ್ತ ಎದ್ದು, ಯಾರನ್ನೂ ಕೇಳದೆ ಗೂಡಿನ ಹಿಂದೆ ಹೋಗಿ ಅಲ್ಲಿದ್ದ ಕೊಡದಿಂದ ನೀರು ಕುಡಿದು ಬಂದರು. ಎಂಥ ಸಲಿಗೆಯ ಮನುಷ್ಯ ಎಂದು ಶಿವರಾಯರಿಗೆ ಸಂತೋಷವೇ ಆಯಿತು.

ಅಷ್ಟರಲ್ಲಿ ಮೂರು ಹೊಲದಾಚೆ ಮಲ್ಕಪ್ಪ ಗಾಡಿಯ ಮೇಲೆ ನಿಂತು ಟವೆಲ್ಲು ಬೀಸುತ್ತಿರುವುದು ಕಂಡಿತು. ಬಯಲು ನಾಡು, ಕೂಗಿದ್ದೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ.

"ಶಿವರಾಯಾ, ಮುಂಜಾನಿಂದ ಹಾದಿ ಕಾಯಾಕತ್ತೇನಿ. ಮಂದಿ ಹೊಲದಾಗ ಏನ್ ಮಾಡಾಕತ್ತಿ? ನನ್ನ ಹೊಲ ಈ ಕಡೆ ಅದ."

ಶಿವರಾಯರು ಎದ್ದು ಕೈಮುಗಿದರು. ಹೊಲ ತನ್ನದಲ್ಲ, ಯಾರದೆಂದೂ ಗೊತ್ತಿಲ್ಲ, ಇದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಪಾಪ, ಕಣ್ಣು ತುಂಬಿ ಬಂದಿದ್ದವು.

"ಯಾರದಂತ ನನಗ ಗೊತ್ತದರಿ," ದೌಲತರಾಯರು ನಿಧಾನವಾಗಿ ಕೈ ತೊಳೆದುಕೊಂಡರು. "ಈಕಿ ಹೀರಾಬಾಯಿ, ನಮ್ಮಕ್ಕ. ವರ್ಷಾ ಎಳ್ಳಮಾಸಿಗಿ ಇಲ್ಲೇ ಉಣ್ತೇನಿ. ಈ ವರ್ಷ ನಿಮ್ಮ ಸಲುವಾಗಿ ತಪ್ತದ ಅಂದಿದ್ದೆ, ನೀವೇ ಕರಕೊಂಡ ಬಂದ್ರಿ."

ಶಿವರಾಯರು ಹೀರಾಬಾಯಿಯ ಕಾಲಿಗೆ ಬೀಳಹೋದರು. ಎಳ್ಳಮಾವಾಸ್ಯೆಯ ದಿನ ಉಣ್ಣುವವರನ್ನು ನೀನು ಯಾರೆಂದು ಕೇಳಬಾರದು, ಅದಕ್ಕೇ ಸುಮ್ಮನಿದ್ದೆ ಎಂದು ಆಕೆ ಅವರ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. ಹಾಗಾದರೆ ಹೆಣ್ಣಿನ ಮಾತು ಎಂದು ಶಿವರಾಯರು ಅಂಜುತ್ತ ಕೇಳಿದರು.

ಹೀರಾಬಾಯಿ ಗೂಡಿನೊಳಗಿಂದ ಕವಣೆ ತಂದು ಅವರ ಕೈಗಿಟ್ಟಳು.

"ಜ್ವಾಳದ ರಾಶಿ ಆಗೋತನಕ ರವಿವಾರಕ್ಕೊಮ್ಮೆ ಬಂದು ಹಕ್ಕಿ ಕಾಯ್ರಿ. ಕಾಳು ಎಷ್ಟ್ ಉಳೀತಾವ ನೋಡಿ, ಹೆಣ್ಣಿನ ಮಾತು ಆಮ್ಯಾಲ ತೆಗಿಯಾಮು. ಹೊಲ ನಿಮ್ಮದೇ ಅಲ್ರಿ?"

ಮುಂದಿನ ರವಿವಾರ ಶಿವರಾಯರು ಕವಣೆ ಹಿಡಿದು ಹೀರಾಬಾಯಿಯ ಹೊಲದಲ್ಲಿ ಹಕ್ಕಿ ಕಾಯುವ ಅಟ್ಟ ಹತ್ತಿದರು. ಅವರ ಒಡೆತನದ ಸುದ್ದಿ ಅಷ್ಟರಲ್ಲಿ ಮಟಕಿಗೆಲ್ಲ ಹಬ್ಬಿತ್ತು. ಆ ಕಡೆಯ ಕಡಲೆಯವನೂ ಈ ಕಡೆಯ ಕುಸುಬೆಯವನೂ ಬಂದು, ತಮ್ಮ ಹೊಲಗಳನ್ನೂ ಅವರಿಗೇ ಒಪ್ಪಿಸಿ ನಿಶ್ಚಿಂತೆಯಿಂದ ಮನೆಗೆ ಹೋದರು.